ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ: ಸಂವಿಧಾನದಲ್ಲಿ ನಮಗೇನಿದೆ?

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ ಹಳ್ಳಿಯವರು. ಮನೆಮಾತು ತುಳು. ಮಗಳು ಕನ್ನಡ ಮಾಧ್ಯಮದಲ್ಲಿ ನಾಲ್ಕನೇ ಕ್ಲಾಸು. ಈ ವರ್ಷ ಬಂದ ಹೊಸ ಟೀಚರಿಗೆ ಕನ್ನಡ ಬರುವುದಿಲ್ಲ. ಮಗಳ ಗಣಿತದ ನೋಟ್‌ಬುಕ್ಕಿನಲ್ಲಿ ಬರೀ ಅಂಕಿಗಳಿವೆ, ಒಂದೂ ವಾಕ್ಯ ಇಲ್ಲ. ಇದನ್ನೇ ಕನ್ನಡದಲ್ಲಿ ಬರೆದು ಒಂದು ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟೆ. ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರೆದು ತನ್ನಿ ಅಂತ ವಾಪಸ್ ಕೊಟ್ಟರು. ಕನ್ನಡಿಗರಿಗೆ ಹಕ್ಕಿದೆ ಅಂದೆ. 'ನಿಮ್ಮ ಮಾತೃಭಾಷೆ ತುಳು ಅಲ್ವಾ, ಕನ್ನಡದ ಹಕ್ಕು ನಿಮಗೆ ಹೇಗೆ ಬರುತ್ತೆ?' ಅಂತ ಕೇಳಿದರು. ಊರಲ್ಲಿ ಕೆಲವರು, ಕಾಸರಗೋಡಿನ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದ ಮಹಾಜನ ವರದಿ ಜಾರಿಗೆ ಕೋರ್ಟಿಗೆ ಹೋಗೋಣ ಅಂತಾರೆ. ಇನ್ನು ಕೆಲವರು ಕೇರಳದಲ್ಲಿದ್ದ ಮೇಲೆ ಮಲಯಾಳ ಕಲೀಲೇಬೇಕು, ಸುಮ್ನೆ ಗಲಾಟೆ ಯಾಕೆ ಅಂತಾರೆ. ನಿಜವಾಗಿ ಸಂವಿಧಾನದಲ್ಲಿ ನಮ್ಮಂಥವರಿಗೆ ಏನಾದರೂ ಇದೆಯೇ? ಅಥವಾ ಎಲ್ಲ ಭಾಷಣಕ್ಕೆ ಮಾತ್ರವೇ?

ಉತ್ತರ: ಇದೆ. ಭಾಷಣಕ್ಕೆ ಮಾತ್ರ ಅಲ್ಲ, ಅರ್ಜಿಗೂ ಕೋರ್ಟಿಗೂ ಬರುವಂಥದ್ದು ಇದೆ. ಆದರೆ ಸಂವಿಧಾನದಲ್ಲಿರುವ ಭಾಷಾ ಹಕ್ಕುಗಳೆಲ್ಲ ಒಂದೇ ತೂಕದವಲ್ಲ. ಕೆಲವು ಸರ್ಕಾರದ ಕೈ ಕಟ್ಟುತ್ತವೆ. ಕೆಲವು ದಾರಿ ತೋರಿಸಿ ಸುಮ್ಮನಾಗುತ್ತವೆ. ಗಡಿನಾಡಿನಲ್ಲಿ ನಾವು ಸಭೆ ಮಾಡಿ ಜೋರಾಗಿ ಕೇಳುವುದು ಯಾವ ಕೋರ್ಟೂ ಕೊಡಲಾಗದ್ದನ್ನು. ಕೈಯಲ್ಲೇ ಇರುವ ಗಟ್ಟಿ ಹಕ್ಕನ್ನು ಮಾತ್ರ ಕಚೇರಿಯ ಕಿಟಕಿಯಲ್ಲಿ ಯಾರೋ ಎರಡು ಮಾತು ಅಂದ ಕೂಡಲೇ ಬಿಟ್ಟು ಬರುತ್ತೇವೆ. ನಿಮಗೆ ಆಗಿರುವುದೂ ಅದೇ. ಹಾಗಾಗಿ ಆ ವಾಪಸ್ ಬಂದ ಅರ್ಜಿಯಿಂದಲೇ ಶುರು ಮಾಡುತ್ತೇನೆ.

ಅರ್ಜಿ ವಾಪಸ್ ಕೊಟ್ಟದ್ದು ತಪ್ಪು. ಇದರಲ್ಲಿ ಎರಡು ಮಾತಿಲ್ಲ. ಸಂವಿಧಾನದ 350ನೇ ವಿಧಿ ನೋಡಿ. ಯಾವುದೇ ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ ಮನವಿ ಕೊಡಬಹುದು. ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಈ ಹಕ್ಕು ಪ್ರತಿಯೊಬ್ಬ ವ್ಯಕ್ತಿಗೂ ಇದೆ. ಅಲ್ಪಸಂಖ್ಯಾತರಿಗೆ ಮಾತ್ರ ಅಂತ ಅಲ್ಲಿ ಬರೆದಿಲ್ಲ. ಮಾತೃಭಾಷೆಯಲ್ಲೇ ಇರಬೇಕು ಅಂತಲೂ ಬರೆದಿಲ್ಲ. ನೀವು ತುಳುವರಾಗಿರಿ, ಕೊಂಕಣಿಗರಾಗಿರಿ, ಬ್ಯಾರಿಗಳಾಗಿರಿ, ಮನೆಯಲ್ಲಿ ಮಲಯಾಳವನ್ನೇ ಮಾತಾಡುವವರಾಗಿರಿ, ದೂರನ್ನು ಕನ್ನಡದಲ್ಲಿ ಬರೆದು ಕೊಟ್ಟರೆ ತೆಗೆದುಕೊಳ್ಳಲೇಬೇಕು. ಅಂದ ಮೇಲೆ 'ನಿಮ್ಮ ಮನೆಮಾತು ಯಾವುದು' ಎಂಬ ಪ್ರಶ್ನೆಗೆ ಆ ಕಿಟಕಿಯಲ್ಲಿ ಜಾಗವೇ ಇಲ್ಲ.

350ನೇ ವಿಧಿಗೂ ಒಂದು ಮಿತಿ ಇದೆ. ಅರ್ಜಿ ಸ್ವೀಕರಿಸಬೇಕು ಅನ್ನುತ್ತದೆ, ಅದೇ ಭಾಷೆಯಲ್ಲಿ ಉತ್ತರ ಕೊಡಬೇಕು ಅನ್ನುವುದಿಲ್ಲ. ಆ ಕೊರತೆಯನ್ನು ತುಂಬಿರುವುದು ಕೇರಳದ್ದೇ ಕಾನೂನು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಗೆ 1973ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿನ ಜೊತೆ, ಇಲಾಖಾ ಮುಖ್ಯಸ್ಥರ ಜೊತೆ, ಭಾಷಾ ಅಲ್ಪಸಂಖ್ಯಾತ ಪ್ರದೇಶ ಎಂದು ಘೋಷಿಸಿದ ಕಡೆಯ ಸ್ಥಳೀಯ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಹಳೇ ಕಾಸರಗೋಡು ತಾಲೂಕು ಅಂಥ ಪ್ರದೇಶ. ಕೇರಳದ ಶಾಸಕರೇ ತಿರುವನಂತಪುರದಲ್ಲಿ ಕುಳಿತು ಮಾಡಿದ ಕಾನೂನು ಇದು. 'ಕೇರಳದಲ್ಲಿದ್ದ ಮೇಲೆ' ಅಂತ ಯಾರಾದರೂ ಮಾತು ಶುರು ಮಾಡಿದರೆ ಇದನ್ನೇ ಹೇಳಿ. ಕೇರಳದಲ್ಲಿರುವುದರಿಂದಲೇ ನಿಮಗೆ ಈ ಹಕ್ಕು ಬಂದಿದೆ.

ತಮಿಳುನಾಡು, ಮಹಾರಾಷ್ಟ್ರ, ಆಂಧ್ರದ ಗಡಿಯಲ್ಲಿರುವ ಹೊಸೂರು, ತಾಳವಾಡಿ, ಅಕ್ಕಲಕೋಟೆ, ಜತ್ತ, ಮಡಕಶಿರಾ ಕಡೆಯ ಓದುಗರೂ ಇದನ್ನು ಓದುತ್ತಿರಬಹುದು. 1969ರ ಕಾಯ್ದೆ ಕೇರಳಕ್ಕೆ ಮಾತ್ರ. ಆದರೆ 350ನೇ ವಿಧಿ ನಿಮಗೂ ಅಷ್ಟೇ ಗಟ್ಟಿಯಾಗಿ ಅನ್ವಯಿಸುತ್ತದೆ.

ಇನ್ನು ತುಳುವಿನ ವಿಷಯ. ಇದು ನಿಮ್ಮೊಬ್ಬರ ಸಮಸ್ಯೆ ಅಲ್ಲ. ಕಾಸರಗೋಡಿನಲ್ಲಿ ಮನೆಯೊಳಗೆ ತುಳು, ಕೊಂಕಣಿ, ಮರಾಠಿ, ಹವ್ಯಕ, ಬ್ಯಾರಿ. ಶಾಲೆ, ದೇವಸ್ಥಾನದ ಆಮಂತ್ರಣ, ಯಕ್ಷಗಾನ, ಪೇಪರು ಎಲ್ಲ ಕನ್ನಡ. ಜನಗಣತಿಯವರು ಬಂದಾಗ ಮನೆಮಾತು ಹೇಳುತ್ತೇವೆ, ಅದು ಸರಿಯೂ ಹೌದು. ಆದರೆ ಆ ಪಟ್ಟಿಯಲ್ಲಿ ಕನ್ನಡದವರ ಸಂಖ್ಯೆ ಕಮ್ಮಿ ಕಾಣುತ್ತದೆ. ಆಮೇಲೆ ಅದೇ ಸಂಖ್ಯೆ ತೋರಿಸಿ, ಇಷ್ಟು ಜನಕ್ಕೆ ಇಷ್ಟೆಲ್ಲ ಯಾಕೆ ಅನ್ನುತ್ತಾರೆ. ನಿಮಗೆ ಕೇಳಿದ ಪ್ರಶ್ನೆಯ ಹಿಂದೆ ಇರುವುದೂ ಇದೇ ಲೆಕ್ಕ.

ಇದಕ್ಕೆ ಉತ್ತರ ಸುಪ್ರೀಂ ಕೋರ್ಟಿನ ಒಂದು ತೀರ್ಪಿನಲ್ಲಿದೆ. ಕನ್ನಡಿಗರು ಬೇಸರಪಟ್ಟ ತೀರ್ಪು ಅದು. ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲೇ ಕಲಿಸಬೇಕು ಅಂತ ಕರ್ನಾಟಕ ಸರ್ಕಾರ 1994ರಲ್ಲಿ ಆದೇಶ ಮಾಡಿತ್ತು. ಇಂಗ್ಲಿಷ್ ಮಾಧ್ಯಮ ಶಾಲೆಗಳವರು ಅದನ್ನು ಪ್ರಶ್ನಿಸಿದರು. 2014ರ ಮೇ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕರ್ನಾಟಕದ ವಿರುದ್ಧ ತೀರ್ಪು ಕೊಟ್ಟಿತು. ಶಿಕ್ಷಣ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂದಿತು. ಬೆಂಗಳೂರಿನಲ್ಲಿ ಕನ್ನಡಪರ ಮನಸ್ಸುಗಳಿಗೆ ದೊಡ್ಡ ನೋವಾಯಿತು. ಆ ನೋವು ನನಗೂ ಅರ್ಥವಾಗುತ್ತದೆ.

ಆದರೆ ಅದೇ ತೀರ್ಪಿನಲ್ಲಿ ಕೋರ್ಟು ಇನ್ನೊಂದು ಪ್ರಶ್ನೆಗೂ ಉತ್ತರ ಕೊಟ್ಟಿದೆ. ಮಗುವಿನ ಮಾತೃಭಾಷೆ ಯಾವುದು ಅಂತ ತೀರ್ಮಾನಿಸುವವರು ಯಾರು? ಸರ್ಕಾರವಾ, ತಂದೆತಾಯಿಯಾ? ಕೋರ್ಟು ಹೇಳಿದ್ದು ಹೀಗೆ: ಸಂವಿಧಾನದ ಮಟ್ಟಿಗೆ ಮಾತೃಭಾಷೆ ಅಂದರೆ ಆ ರಾಜ್ಯದ ಭಾಷಾ ಅಲ್ಪಸಂಖ್ಯಾತರ ಭಾಷೆ. ಒಂದು ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ಅದರ ತಂದೆತಾಯಿ ಅಥವಾ ಪೋಷಕರು. ಬೆಂಗಳೂರಿನಲ್ಲಿ ಕನ್ನಡಕ್ಕೆ ಸೋಲಾದ ಈ ಮಾತೇ ಕುಂಬಳೆಯಲ್ಲಿ ಕನ್ನಡಕ್ಕೆ ಆಸರೆ. ಶಾಲಾ ದಾಖಲಾತಿಯ ಫಾರಂನಲ್ಲಿ ಮಗಳ ಮಾತೃಭಾಷೆ ಕನ್ನಡ ಅಂತ ನೀವು ಬರೆದಿದ್ದರೆ ಮಾತು ಅಲ್ಲಿಗೆ ಮುಗಿಯಿತು. ಆ ಕಾಲಂನಲ್ಲಿ ಏನು ಬರೆದಿದ್ದೀರಿ ಅಂತ ಈ ವಾರವೇ ಶಾಲೆಗೆ ಹೋಗಿ ನೋಡಿ. ತುಳು ಅಂತ ಇದ್ದರೆ ಗಾಬರಿ ಬೇಡ. ಕಲಿಕೆಗೆ ನಾವು ಆರಿಸಿಕೊಂಡ ಭಾಷೆ ಕನ್ನಡ ಅಂತ ಒಂದು ಪತ್ರ ಬರೆದು ಕೊಟ್ಟು, ಅದರ ನಕಲಿಗೆ ಸೀಲು ಹಾಕಿಸಿಕೊಳ್ಳಿ. ತುಳುವಿನ ಮೇಲಿನ ಪ್ರೀತಿಗೂ ಇದಕ್ಕೂ ಏನೂ ಜಗಳವಿಲ್ಲ.

ಇದರ ಜೊತೆ ಇನ್ನೊಂದು ತೀರ್ಪು ಗೊತ್ತಿರಲಿ. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ, ಅಲ್ಪಸಂಖ್ಯಾತರು ಯಾರೆಂದು ರಾಜ್ಯವಾರು ನೋಡಬೇಕು ಅಂದಿತು. ಎರಡು ರಾಜ್ಯಗಳ ಗಡಿಯ ತಲಪಾಡಿ ದಾಟಿ ಈಚೆ ಬಂದರೆ ಕನ್ನಡಿಗ ಅಲ್ಪಸಂಖ್ಯಾತ. ಆಚೆ ಹೋದರೆ ಮಲಯಾಳಿ ಅಲ್ಪಸಂಖ್ಯಾತ. ಕರ್ನಾಟಕದಲ್ಲಿ ಕನ್ನಡಿಗರು ಕೋಟಿಗಟ್ಟಲೆ ಇದ್ದಾರಲ್ಲ, ನೀವೆಂಥ ಅಲ್ಪಸಂಖ್ಯಾತರು ಅಂತ ಕೇಳುವವರಿಗೆ ಇದು ಸಾಕು.

ಈಗ ನಿಮ್ಮ ಮಗಳ ಟೀಚರ ವಿಷಯಕ್ಕೆ ಬರೋಣ. ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಕಾನೂನು ಸ್ವಲ್ಪ ಸೂಕ್ಷ್ಮವಾಗುವುದೂ ಇಲ್ಲೇ.

ಎಲ್ಲರೂ ಮೊದಲು ಹೇಳುವುದು 350ಎ ವಿಧಿಯನ್ನು. ಭಾಷಾವಾರು ರಾಜ್ಯಗಳಾದಾಗ ಗೆರೆಯ ಆಚೆ ಈಚೆ ಉಳಿದುಹೋಗುವವರ ಗತಿ ಏನು ಎಂಬ ಚಿಂತೆ ಆಗಲೇ ಇತ್ತು. ಫಜಲ್ ಅಲಿ, ಎಚ್.ಎನ್. ಕುಂಜ್ರು, ಕೆ.ಎಂ. ಪಣಿಕ್ಕರ್ ಇದ್ದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟಿತು. ಅದರ ಬೆನ್ನಿಗೆ 1956ರಲ್ಲಿ ಏಳನೇ ತಿದ್ದುಪಡಿ ಬಂತು. 350ಎ, 350ಬಿ ಎರಡೂ ಸಂವಿಧಾನಕ್ಕೆ ಸೇರಿದ್ದು ಆಗ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ತಕ್ಕ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ, ಪ್ರತಿ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು ಅನ್ನುತ್ತದೆ 350ಎ. ಬೇಕಾದರೆ ರಾಷ್ಟ್ರಪತಿಗಳು ರಾಜ್ಯಕ್ಕೆ ನಿರ್ದೇಶನ ಕೊಡಬಹುದು. ಅಂದರೆ ಇದು ಹೊಣೆ ಹೊರಿಸುತ್ತದೆ, ಆದರೆ ಮೂಲಭೂತ ಹಕ್ಕಿನ ಪಟ್ಟಿಯಲ್ಲಿಲ್ಲ. ಇದೊಂದನ್ನೇ ಹಿಡಿದು ನೇರವಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಲು ಆಗುವುದಿಲ್ಲ. 350ಬಿ ಪ್ರಕಾರ ಇರುವ ಭಾಷಾ ಅಲ್ಪಸಂಖ್ಯಾತರ ಆಯುಕ್ತರೂ ಅಷ್ಟೇ. ವಿಚಾರಿಸುತ್ತಾರೆ, ರಾಷ್ಟ್ರಪತಿಗಳಿಗೆ ವರದಿ ಕೊಡುತ್ತಾರೆ, ವರದಿ ಸಂಸತ್ತಿನ ಮುಂದೆ ಬರುತ್ತದೆ. ಟೀಚರನ್ನು ಬದಲಿಸಿ ಅಂತ ಆದೇಶ ಹೊರಡಿಸುವ ಅಧಿಕಾರ ಅವರಿಗಿಲ್ಲ.

ಹಾಗಂತ 350ಎ ಪ್ರಯೋಜನವಿಲ್ಲ ಅಂತ ತಿಳಿಯಬೇಡಿ. ಅದನ್ನು ಒಂಟಿಯಾಗಿ ನಿಲ್ಲಿಸಬಾರದು, ಅಷ್ಟೇ. 29ನೇ ವಿಧಿಯ ಮೊದಲ ಭಾಗ ಮೂಲಭೂತ ಹಕ್ಕು. ತನ್ನದೇ ಭಾಷೆ, ಲಿಪಿ, ಸಂಸ್ಕೃತಿ ಇರುವ ಯಾವುದೇ ಜನವರ್ಗಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕಿದೆ. 21ಎ ವಿಧಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣದ ಹಕ್ಕು ಕೊಟ್ಟಿದೆ. ಅದರ ಮೇಲೆ ನಿಂತಿರುವ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್, ಕಲಿಕೆಯ ಮಾಧ್ಯಮ ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿರಬೇಕು ಅನ್ನುತ್ತದೆ. ಇವನ್ನೆಲ್ಲ 350ಎ ಜೊತೆ ಸೇರಿಸಿ ಓದಿದಾಗ ವಾದಕ್ಕೆ ಬಲ ಬರುತ್ತದೆ.

ಈ ವಾದದಲ್ಲಿ ಎದುರಾಗುವ ದೊಡ್ಡ ತೊಡಕು 'ಸಾಧ್ಯವಾದ ಮಟ್ಟಿಗೆ' ಅನ್ನುವ ಷರತ್ತು. ಸರ್ಕಾರ ಯಾವಾಗಲೂ ಅದರ ಹಿಂದೆ ನಿಲ್ಲುತ್ತದೆ. ನಿಮ್ಮ ವಿಷಯದಲ್ಲಿ ಆ ನೆಪ ನಡೆಯುವುದಿಲ್ಲ. ಯಾಕೆ ಅಂದರೆ ಅಲ್ಲಿ ಕನ್ನಡ ಮಾಧ್ಯಮ ಆಗಲೇ ಇದೆ. ಕ್ಲಾಸಿದೆ, ಪುಸ್ತಕವಿದೆ, ಹುದ್ದೆ ಇದೆ, ಸಂಬಳವಿದೆ. ಇಲ್ಲದ್ದನ್ನು ಕೊಡಿ ಅಂತ ನೀವು ಕೇಳುತ್ತಿಲ್ಲ. ಕನ್ನಡದಲ್ಲಿ ಕಲಿಸಲೆಂದೇ ಇರುವ ಹುದ್ದೆಗೆ ಕನ್ನಡದಲ್ಲಿ ಕಲಿಸಬಲ್ಲವರನ್ನು ಹಾಕಿ ಅನ್ನುತ್ತಿದ್ದೀರಿ. ಕಾಸರಗೋಡು ಜಿಲ್ಲೆಯ ಹಲವು ಶಾಲೆಗಳಲ್ಲಿ ಇದೇ ಕಾರಣಕ್ಕೆ ಮಕ್ಕಳು, ತಂದೆತಾಯಿಗಳು ಪ್ರತಿಭಟನೆ ಮಾಡಿದ್ದಾರೆ. ಬೇಡಿಕೆ ಇಷ್ಟು ಸರಳ ಅಂತ ಅಧಿಕಾರಿಗಳಿಗೆ ಅರ್ಥವಾಗುವಂತೆ ಬರೆದುಕೊಟ್ಟದ್ದು ಮಾತ್ರ ಕಮ್ಮಿ.

ಇಲ್ಲಿ ನಿಮ್ಮ ಮಗಳ ನೋಟ್‌ಬುಕ್ಕೇ ಸಾಕ್ಷಿ. 'ಟೀಚರಿಗೆ ಕನ್ನಡ ಬರುವುದಿಲ್ಲ' ಅಂತ ಬರೆದರೆ ಅದು ಆರೋಪ. ಅದಕ್ಕೆ ಉತ್ತರವಾಗಿ ಒಂದು ಸರ್ಟಿಫಿಕೇಟು ತೋರಿಸುತ್ತಾರೆ. ಅದರ ಬದಲು ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದು ಪಕ್ಕದಲ್ಲಿ ಪಠ್ಯಪುಸ್ತಕದ ಅದೇ ಪಾಠದ ಪುಟ ಇಡಿ. ಪುಸ್ತಕದಲ್ಲಿ 'ಒಂದು ಬುಟ್ಟಿಯಲ್ಲಿ 24 ಮಾವಿನಹಣ್ಣುಗಳಿವೆ, ನಾಲ್ಕು ಜನಕ್ಕೆ ಸಮನಾಗಿ ಹಂಚಿದರೆ' ಎಂಬಂಥ ಪ್ರಶ್ನೆ ಇರುತ್ತದೆ. ನೋಟ್‌ಬುಕ್ಕಿನಲ್ಲಿ 24, ಭಾಗಾಕಾರದ ಚಿಹ್ನೆ, 4, ಉತ್ತರ 6. ಹುಡುಗಿಗೆ ಭಾಗಾಕಾರ ಬರುತ್ತದೆ. ಎಲ್ಲಿ ಭಾಗಿಸಬೇಕು ಅಂತ ಗೊತ್ತಾಗುವುದು ಆ ವಾಕ್ಯದಿಂದ, ಆ ವಾಕ್ಯವೇ ಅವಳಿಗೆ ಸಿಕ್ಕಿಲ್ಲ. ಪರೀಕ್ಷೆಯಲ್ಲಿ ಕೇಳುವುದು ಮಾತ್ರ ವಾಕ್ಯದಲ್ಲೇ. ಒಂಬತ್ತು ವರ್ಷದ ಮಗು ತನಗೆ ಗಣಿತ ಬರುವುದಿಲ್ಲ ಅಂದುಕೊಳ್ಳುತ್ತದೆ. ನಿಮ್ಮ ಪತ್ರ ಓದುವಾಗ ನನ್ನನ್ನು ಅತಿ ಹೆಚ್ಚು ಕಾಡಿದ್ದು ಇದು. ಹತ್ತು ಮಕ್ಕಳ ನೋಟ್‌ಬುಕ್ಕುಗಳಲ್ಲಿ ಇದೇ ಕಂಡರೆ 'ತಕ್ಕ ಸೌಲಭ್ಯ' ಇಲ್ಲ ಎಂಬುದಕ್ಕೆ ಅದಕ್ಕಿಂತ ಬೇರೆ ರುಜುವಾತು ಬೇಡ.

ಹತ್ತು ಅಂದದ್ದು ಸುಮ್ಮನೆ ಅಲ್ಲ. 1949ರಲ್ಲಿ ಪ್ರಾಂತ್ಯಗಳ ಶಿಕ್ಷಣ ಸಚಿವರು ಸೇರಿ ಒಂದು ಸೂತ್ರ ಒಪ್ಪಿದ್ದರು. ಒಂದು ಶಾಲೆಯಲ್ಲಿ 40 ಅಥವಾ ಒಂದು ಕ್ಲಾಸಿನಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಬೇಕು ಅಂತ. ಇದು ಕಾನೂನಲ್ಲ, ಸರ್ಕಾರಗಳ ನಡುವಿನ ಒಪ್ಪಂದ. ಆದರೂ ಅರ್ಜಿಯಲ್ಲಿ ನಮೂದಿಸಿ.

ಶಾಲೆ ಸರ್ಕಾರದ್ದೋ ಅನುದಾನಿತವೋ ಅಂತ ನೀವು ಬರೆದಿಲ್ಲ. ಅದು ಮುಖ್ಯ. ಕನ್ನಡಿಗರೇ ಕಟ್ಟಿ ನಡೆಸುತ್ತಿರುವ ಅನುದಾನಿತ ಶಾಲೆಯಾದರೆ 30ನೇ ವಿಧಿಯ ರಕ್ಷಣೆಯೂ ಸೇರುತ್ತದೆ. ಭಾಷಾ ಅಲ್ಪಸಂಖ್ಯಾತರು ತಮಗೆ ಬೇಕಾದ ಶಾಲೆ ಕಟ್ಟಿ ನಡೆಸುವ ಹಕ್ಕು ಅದು. ಅಲ್ಪಸಂಖ್ಯಾತರ ಆಡಳಿತದಲ್ಲಿದೆ ಎಂಬ ಕಾರಣಕ್ಕೆ ಅನುದಾನದಲ್ಲಿ ತಾರತಮ್ಯ ಮಾಡುವಂತಿಲ್ಲ ಅಂತಲೂ ಅಲ್ಲೇ ಇದೆ. ಸರ್ಕಾರಿ ಶಾಲೆಯಾದರೆ 30ನೇ ವಿಧಿ ಬರುವುದಿಲ್ಲ, ಉಳಿದವು ಬರುತ್ತವೆ.

ಇನ್ನು ಕಡ್ಡಾಯ ಮಲಯಾಳ. ಇಲ್ಲಿ ನಾನು ಹೇಳುವುದು ನಮ್ಮ ಕೆಲವು ಹೋರಾಟಗಾರ ಗೆಳೆಯರಿಗೆ ಹಿಡಿಸಲಿಕ್ಕಿಲ್ಲ. ಆದರೂ ಹೇಳಬೇಕು. ಮಲಯಾಳವನ್ನು ಒಂದು ವಿಷಯವಾಗಿ ಕಲಿಸುವುದೇ ಸಂವಿಧಾನಕ್ಕೆ ವಿರುದ್ಧ ಅಂತ ವಾದಿಸಿದರೆ ಸೋಲುತ್ತೇವೆ. 2004ರ ಉಷಾ ಮೆಹ್ತಾ ಪ್ರಕರಣದಲ್ಲಿ ಇದು ತೀರ್ಮಾನವಾಗಿದೆ. ಮಹಾರಾಷ್ಟ್ರ ಸರ್ಕಾರ ಶಾಲೆಗಳಲ್ಲಿ ಮರಾಠಿ ಕಡ್ಡಾಯ ಮಾಡಿತ್ತು. ಗುಜರಾತಿ ಅಲ್ಪಸಂಖ್ಯಾತರು ನಡೆಸುವ ಶಾಲೆಗಳವರು ಕೋರ್ಟಿಗೆ ಹೋದರು. ರಾಜ್ಯದ ಭಾಷೆಯನ್ನು ಕಲಿಯಿರಿ ಅನ್ನುವುದು ಅಲ್ಪಸಂಖ್ಯಾತರ ಹಕ್ಕಿಗೆ ಅಡ್ಡಿಯಲ್ಲ ಅಂದಿತು ಸುಪ್ರೀಂ ಕೋರ್ಟು. ಕರ್ನಾಟಕ 2015ರಲ್ಲಿ ಕನ್ನಡ ಭಾಷಾ ಕಲಿಕೆ ಕಾಯ್ದೆ ಮಾಡಿದ್ದೂ ಇದೇ ನೆಲೆಯಲ್ಲಿ. ಬೆಂಗಳೂರಿನ ಮಲಯಾಳಿ ಮಗು ಕನ್ನಡ ಕಲಿಯಬೇಕು ಅಂತ ನಾವು ಒಪ್ಪುವುದಾದರೆ, ಕುಂಬಳೆಯ ಮಗು ಮಲಯಾಳ ಕಲಿಯುವುದೇ ಅನ್ಯಾಯ ಅಂತ ಹೇಳಲು ಬಾಯಿ ಬರುವುದಿಲ್ಲ, ಅಲ್ವಾ? ಮಲಯಾಳ ಬಂದರೆ ನಿಮ್ಮ ಮಗಳಿಗೆ ಮುಂದೆ ಇದೇ ರಾಜ್ಯದಲ್ಲಿ ಕೆಲಸಕ್ಕೂ ಅನುಕೂಲ.

ಹಾಗಾದರೆ ಗೆರೆ ಎಲ್ಲಿದೆ? ಕನ್ನಡವನ್ನು ಅದರ ಜಾಗದಿಂದ ಎಬ್ಬಿಸಿ ಅಲ್ಲಿ ಮಲಯಾಳ ಕೂರಿಸುವುದು ತಪ್ಪು. ಕನ್ನಡದ ಜೊತೆಗೆ ಮಲಯಾಳ ಕಲಿಸುವುದು ಸರಿ. 1971ರಲ್ಲಿ ಡಿಎವಿ ಕಾಲೇಜಿನ ಪ್ರಕರಣದಲ್ಲಿ ಪಂಜಾಬಿನ ವಿಶ್ವವಿದ್ಯಾಲಯವೊಂದು ಗುರುಮುಖಿ ಲಿಪಿಯ ಪಂಜಾಬಿಯೇ ಏಕೈಕ ಮಾಧ್ಯಮ ಅಂತ ಹೇರಿದ್ದನ್ನು ಸುಪ್ರೀಂ ಕೋರ್ಟು ರದ್ದು ಮಾಡಿತ್ತು. ರಾಜ್ಯದ ಭಾಷೆಗೆ ಪ್ರೋತ್ಸಾಹ ಕೊಡಿ, ಆದರೆ ಅಲ್ಪಸಂಖ್ಯಾತರ ಭಾಷೆ ಮತ್ತು ಲಿಪಿಯ ಕತ್ತು ಹಿಸುಕಬೇಡಿ ಎಂಬುದು ಅದರ ಸಾರ. ಈ ಎರಡು ತೀರ್ಪುಗಳ ನಡುವೆ ನಾವು ನಿಲ್ಲಬೇಕು.

2017ರಲ್ಲಿ ಕೇರಳ ಹತ್ತನೇ ಕ್ಲಾಸಿನವರೆಗೆ ಮಲಯಾಳ ಕಡ್ಡಾಯ ಮಾಡಿದಾಗ ಕಾಸರಗೋಡಿನಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. 2025ರಲ್ಲಿ ವಿಧಾನಸಭೆ ಅಂಗೀಕರಿಸಿದ ಮಲಯಾಳ ಭಾಷಾ ಮಸೂದೆಯಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮಲಯಾಳವೇ ಪ್ರಥಮ ಭಾಷೆ ಎಂಬ ಮಾತು ಬಂದಾಗ ಆತಂಕ ಮತ್ತೆ ಎದ್ದಿತು. ಕರ್ನಾಟಕವೂ ಆಕ್ಷೇಪ ಎತ್ತಿತು. ಭಾಷಾ ಅಲ್ಪಸಂಖ್ಯಾತರಿಗೆ ರಕ್ಷಣೆ ಕೊಡುವ ಪ್ರತ್ಯೇಕ ಸೆಕ್ಷನ್ ಅದರಲ್ಲೇ ಇದೆ ಅಂತ ಕೇರಳ ಸರ್ಕಾರ ಉತ್ತರಿಸಿತು. ನನ್ನ ಅಭಿಪ್ರಾಯ ಹೀಗಿದೆ. ಇಂಥ ರಕ್ಷಣೆಯ ಮಾತು ಕಾಯ್ದೆಯಲ್ಲಿದ್ದರೆ ಒಳ್ಳೆಯದು, ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಆದರೆ ಶಾಲೆಯಲ್ಲಿ ಕನ್ನಡ ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಟೈಮ್‌ಟೇಬಲ್ಲಿನಲ್ಲಿ. ವಾರಕ್ಕೆ ಕನ್ನಡಕ್ಕೆ ಎಷ್ಟು ಪೀರಿಯಡ್, ಪ್ರಥಮ ಭಾಷೆಯ ಜಾಗದಲ್ಲಿ ಏನಿದೆ, ಪಬ್ಲಿಕ್ ಪರೀಕ್ಷೆಯಲ್ಲಿ ಮಲಯಾಳದ ಅಂಕ ಪಾಸಿಗೆ ಬೇಕಾ ಬೇಡವಾ. ಕೇಳಬೇಕಾದ ಪ್ರಶ್ನೆಗಳು ಇವು. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಕನ್ನಡ, ತೆಲುಗು, ಮಲಯಾಳ, ಉರ್ದು ಶಾಲೆಗಳ ಪಾಲಕರು ಹೋರಾಡಿದ್ದು ಹೀಗೇ. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ತಮಿಳು ಪತ್ರಿಕೆಯಿಂದ ವಿನಾಯಿತಿ ಕೇಳಿದರು. 2023ರಲ್ಲಿ ಸುಪ್ರೀಂ ಕೋರ್ಟು ಆ ವಿನಾಯಿತಿಯನ್ನು ಇನ್ನೊಂದು ವರ್ಷ ಮುಂದುವರಿಸಿತು. ಬೇಡಿಕೆ ಸಣ್ಣದು, ಆದರೆ ಮಕ್ಕಳ ವರ್ಷ ಉಳಿಯಿತು.

ಬೋರ್ಡುಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಗಡಿಯಲ್ಲಿ ಎಲ್ಲ ಕಡೆ ಇರುವ ಜಗಳ ಅದು. 2025ರ ಏಪ್ರಿಲಿನಲ್ಲಿ ಮಹಾರಾಷ್ಟ್ರದ ಅಕೋಲಾ ಜಿಲ್ಲೆಯ ಪಾತೂರು ನಗರಸಭೆಯ ಫಲಕದಲ್ಲಿ ಮರಾಠಿಯ ಜೊತೆ ಉರ್ದು ಇರಬಹುದು ಅಂತ ಸುಪ್ರೀಂ ಕೋರ್ಟು ಹೇಳಿದೆ. ರಾಜ್ಯಭಾಷೆ ಇರಲೇಬೇಕು ಎಂಬ ಕಾನೂನು ಇನ್ನೊಂದು ಭಾಷೆ ಇರಬಾರದು ಎಂಬ ಕಾನೂನಲ್ಲ. ಅಕ್ಕಲಕೋಟೆಯಿಂದ ಮಂಜೇಶ್ವರದವರೆಗೆ ಎಲ್ಲ ಪಂಚಾಯಿತಿಗಳಿಗೂ ಇದು ಉಪಯೋಗಕ್ಕೆ ಬರುತ್ತದೆ.

ಮಹಾಜನ ವರದಿಯ ಪ್ರಶ್ನೆಗೆ ನೇರ ಉತ್ತರ: ಕೋರ್ಟಿನ ಮೂಲಕ ಅದನ್ನು ಜಾರಿ ಮಾಡಿಸಲು ಆಗುವುದಿಲ್ಲ. 1956ರವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆ ವರ್ಷದ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಅದನ್ನು ಕೇರಳಕ್ಕೆ ಸೇರಿಸಿತು. ನವೆಂಬರ್ 1ಕ್ಕೆ ಅದು ಜಾರಿಗೆ ಬಂತು. 1966ರಲ್ಲಿ ಕೇಂದ್ರ ಸರ್ಕಾರ ಮಾಜಿ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನರ ಆಯೋಗ ನೇಮಿಸಿತು. 1967ರಲ್ಲಿ ಬಂದ ವರದಿ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂದಿತು. ಅದು ಶಿಫಾರಸು. ಗಡಿ ಬದಲಿಸುವ ಅಧಿಕಾರ ಸಂವಿಧಾನದ 3ನೇ ವಿಧಿಯಲ್ಲಿ ಸಂಸತ್ತಿಗೆ ಮಾತ್ರ ಇದೆ. ಸಂಬಂಧಪಟ್ಟ ರಾಜ್ಯದ ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. 2014ರಲ್ಲಿ ಆಂಧ್ರ ವಿಧಾನಸಭೆ ಬೇಡ ಅಂದರೂ ಸಂಸತ್ತು ತೆಲಂಗಾಣ ಮಾಡಿತಲ್ಲ, ಹಾಗೆ. ಸಂಸತ್ತಿಗೆ ಕಾನೂನು ಮಾಡು ಅಂತ ಯಾವ ಕೋರ್ಟೂ ಆದೇಶ ಕೊಡುವುದಿಲ್ಲ. ಬೆಳಗಾವಿ ವಿಚಾರದಲ್ಲಿ ಮಹಾರಾಷ್ಟ್ರ 2004ರಲ್ಲಿ ದಾವೆ ಹೂಡಿದ್ದು 131ನೇ ವಿಧಿಯ ಕೆಳಗೆ. ಅದು ರಾಜ್ಯ ಮತ್ತು ರಾಜ್ಯದ ನಡುವಿನ ವ್ಯಾಜ್ಯ. ನಾಗರಿಕರು ಆ ದಾರಿಯಲ್ಲಿ ಹೋಗಲು ಆಗುವುದಿಲ್ಲ.

ಕವಿ ಕಯ್ಯಾರ ಕಿಞ್ಞಣ್ಣ ರೈಗಳು 2015ರಲ್ಲಿ ನೂರರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಕಾಸರಗೋಡು ಕರ್ನಾಟಕದಲ್ಲಿ ವಿಲೀನವಾಗುವ ಆಸೆ ಬಿಡಲಿಲ್ಲ. ಆ ಆಸೆಯನ್ನು ನಾನು ಗೌರವಿಸುತ್ತೇನೆ. ಅದನ್ನು ಇಟ್ಟುಕೊಳ್ಳುವುದೂ ಕೇಳುವುದೂ ಅಪರಾಧವಲ್ಲ. 1964ರಲ್ಲೇ ಜಗದೇವ್ ಸಿಂಗ್ ಸಿದ್ಧಾಂತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಭಾಷೆಯನ್ನು ಉಳಿಸಿಕೊಳ್ಳುವ 29ನೇ ವಿಧಿಯ ಹಕ್ಕಿನಲ್ಲಿ ಅದಕ್ಕಾಗಿ ಚಳವಳಿ ಮಾಡುವ ಹಕ್ಕೂ ಸೇರಿದೆ ಅಂದಿದೆ. ಗಲಾಟೆ ಯಾಕೆ ಅನ್ನುವವರಿಗೆ ಇದು ಉತ್ತರ. ಆದರೆ ಗಡಿ ಬದಲಾಗುವವರೆಗೆ ಮಗಳ ಗಣಿತ ಕಾಯುವುದಿಲ್ಲ. ವಿಲೀನವನ್ನೂ ಶಾಲೆಯ ಹಕ್ಕನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ಅಧಿಕಾರಿ ಮೊದಲನೆಯದನ್ನು ತೋರಿಸಿ ಎರಡನೆಯದನ್ನೂ ಪಕ್ಕಕ್ಕಿಡುತ್ತಾನೆ.

ಗಡಿಯ ಆಚೆಗೆ ಹೋದರೆ ಎಲ್ಲ ಸರಿಹೋಗುತ್ತದೆ ಅನ್ನುವವರು 2020ರ ಮಾರ್ಚ್ ನೆನಪಿಸಿಕೊಳ್ಳಬೇಕು. ಕೊರೊನಾ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದ್ದು ಕರ್ನಾಟಕ. ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಈಚೆಯೇ ಉಳಿದರು. ಅವರಲ್ಲಿ ಕನ್ನಡ ಮಾತಾಡುವವರೂ ಇದ್ದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು, ಹೆದ್ದಾರಿಗಳ ಮೇಲಿನ ತಡೆ ತೆಗೆಸಿ ಅಂತ ಕೇಂದ್ರಕ್ಕೆ ನಿರ್ದೇಶನ ಕೊಟ್ಟಿತು. ದೇಶದೊಳಗೆ ಎಲ್ಲಿಗಾದರೂ ಹೋಗುವ 19ನೇ ವಿಧಿಯ ಹಕ್ಕು, ಜೀವಿಸುವ 21ನೇ ವಿಧಿಯ ಹಕ್ಕು ಅಲ್ಲಿ ಮಾತಾಡಿದವು. ಆಮೇಲೆ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ರೋಗಿಗಳ ಸಾಗಾಟಕ್ಕೆ ಒಂದು ವ್ಯವಸ್ಥೆ ಆಯಿತು. ಆವತ್ತು ಕಾಸರಗೋಡಿನವರ ಕೈ ಹಿಡಿದದ್ದು ಈ ಹಕ್ಕುಗಳು.

ಈಗ ಮಾಡಬೇಕಾದ್ದು. ಅದೇ ಅರ್ಜಿಯನ್ನು ಕನ್ನಡದಲ್ಲೇ ಮತ್ತೆ ಬರೆಯಿರಿ. ಮೊದಲ ಸಾಲಿನಲ್ಲೇ 'ಸಂವಿಧಾನದ 350ನೇ ವಿಧಿ ಮತ್ತು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡದಲ್ಲಿ ಸಲ್ಲಿಸುವ ಮನವಿ' ಅಂತ ಹಾಕಿ. ಒಂದೇ ವಿಷಯ ಬರೆಯಿರಿ: ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡದಲ್ಲಿ ಕಲಿಸಬಲ್ಲ ಶಿಕ್ಷಕರು ಬೇಕು. ಆ ಟೀಚರ ಬಗ್ಗೆ ಕೆಟ್ಟ ಮಾತು ಬೇಡ, ಅವರನ್ನು ಅಲ್ಲಿಗೆ ಹಾಕಿದ್ದು ಅವರ ತಪ್ಪಲ್ಲ. ಕ್ಲಾಸಿನ ಉಳಿದ ಪಾಲಕರ ಸಹಿ ಹಾಕಿಸಿ, ನೋಟ್‌ಬುಕ್ಕಿನ ಪ್ರತಿಗಳನ್ನು ಲಗತ್ತಿಸಿ. ಮುಖ್ಯೋಪಾಧ್ಯಾಯರಿಗೆ, ಶಿಕ್ಷಣ ಇಲಾಖೆಯ ಉಪಜಿಲ್ಲಾ ಮತ್ತು ಜಿಲ್ಲಾ ಮಟ್ಟದ ಅಧಿಕಾರಿಗಳಿಗೆ ಕೊಡಿ. ಕೇಂದ್ರದ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಒಂದು ಪ್ರತಿ ಹೋಗಲಿ. ಕೈಯಲ್ಲಿ ಕೊಟ್ಟರೆ ಸ್ವೀಕೃತಿ ಸೀಲು ತೆಗೆದುಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಜಗಳವಾಡದೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

ಒಂದು ತಿಂಗಳು ಕಾದು ನೋಡಿ. ಏನೂ ಆಗದಿದ್ದರೆ, ಆ ಹುದ್ದೆಯ ನೇಮಕಕ್ಕೆ ಯಾವ ಅರ್ಹತೆ ನಿಗದಿಯಾಗಿದೆ, ಬಂದವರು ಅದನ್ನು ಹೇಗೆ ಪೂರೈಸಿದ್ದಾರೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಇದೊಂದನ್ನು ಇಂಗ್ಲಿಷಿನಲ್ಲೇ ಬರೆಯಿಸಿ. ಮಾಹಿತಿ ಹಕ್ಕು ಕಾಯ್ದೆ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯನ್ನು ಮಾತ್ರ ಹೇಳುತ್ತದೆ, ಅಲ್ಲಿ ಭಾಷೆಯ ವಾದಕ್ಕೆ ಸಿಕ್ಕಿ 30 ದಿನ ಕಳೆದುಕೊಳ್ಳುವುದು ಬೇಡ. ಆಮೇಲೆ 226ನೇ ವಿಧಿಯಲ್ಲಿ ಕೊಚ್ಚಿಯ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯ ಪ್ರಕಾರ ಮಕ್ಕಳಿಗೂ ಹೆಂಗಸರಿಗೂ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕು. ಅರ್ಜಿದಾರಳಾಗಿ ನಿಮ್ಮ ಮಗಳ ಹೆಸರನ್ನೇ ಹಾಕಿಸಿ, ಪೋಷಕರಾಗಿ ನೀವು ಸಹಿ ಮಾಡಿ.